ಎಂಜಿನ್‌ಗೆ ಕೈ ಹಾಕುವ ಮೊದಲು

ಹೋದ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮಣ್ಣನ ಮಗ ಹಿರಿಯೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಡೀಸೆಲ್ ತಂದ. 2013ರ ಗಾಡಿ, ಕೆಎ–16 ನಂಬರು, ಮೀಟರಿನಲ್ಲಿ 1 ಲಕ್ಷ 40 ಸಾವಿರ ಕಿಲೋಮೀಟರ್. ಧರ್ಮಪುರದ ಮನೆ ಮುಂದೆ ನಿಲ್ಲಿಸಿ ನಿಂಬೆಹಣ್ಣು ಹತ್ತಿಸಿದ್ದಾಯಿತು, ಪೂಜೆಯಾಯಿತು. ತಿಂಗಳು ಕಳೆಯುವುದರೊಳಗೆ ನೋಟ್‌ಬುಕ್ಕಿನ ಹಾಳೆಯೊಂದನ್ನು ಹಿಡಿದು ನನ್ನ ಹತ್ತಿರ ಬಂದ. "ಚಿಕ್ಕಪ್ಪ, ಪಿಕಪ್ ಸಾಲ್ತಿಲ್ಲ. ಬೆಂಗಳೂರಲ್ಲಿ ಮಾಡಿಕೊಡೋರು ಅವ್ರೆ. ಇದನ್ನ ಒಂದ್ಸಲ ನೋಡು" ಅಂದ.

ಹಾಳೆಯಲ್ಲಿ ನಾಲ್ಕು ಸಾಲುಗಳಿದ್ದವು. ಈಸಿಯು ರಿಮ್ಯಾಪ್ 25,000. ದೊಡ್ಡ ಡೌನ್‌ಪೈಪ್, ಹೊಸ ಸೈಲೆನ್ಸರ್ 18,000. ಕೋನ್ ಏರ್ ಫಿಲ್ಟರ್ 6,000. 16 ಇಂಚಿನ ಅಲಾಯ್ ವ್ಹೀಲು, ಟೈರು 55,000. ಕೆಳಗೆ ಗೆರೆ ಎಳೆದು 1,04,000 ಎಂದು ಬರೆದಿದ್ದ. ಗಾಡಿಗೆ ಕೊಟ್ಟದ್ದು ಮೂರೂವರೆ ಲಕ್ಷ.

ಬೇಡ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದಿತ್ತು. ಹಾಗೆ ಹೇಳಿದರೆ ಇಪ್ಪತ್ತಾರರ ಹುಡುಗ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅವನ ಆಸೆಯಲ್ಲಿ ತಪ್ಪಿಲ್ಲ. ಆಕ್ಸಿಲರೇಟರ್ ತುಳಿದಾಗ ಬೆನ್ನು ಸೀಟಿಗೆ ಒತ್ತಿಕೊಳ್ಳುವ ಖುಷಿ ನನಗೂ ಗೊತ್ತು. ಹಾಗಾಗಿ ಹಾಳೆಯನ್ನು ಎರಡು ದಿನ ಇಟ್ಟುಕೊಂಡು, ಒಂದೊಂದು ಸಾಲಿಗೂ ಲೆಕ್ಕ ಹಾಕಿದೆ. ಎಂಜಿನ್, ಕ್ಲಚ್, ಗೇರ್ ಬಾಕ್ಸ್‌ಗಳ ಮೇಲೆ ದೊಡ್ಡ ದುಡ್ಡು ಸುರಿಯಲು ಹೊರಟಿರುವ ನಮ್ಮ ಸೀಮೆಯ ಎಲ್ಲರಿಗೂ ಆ ಲೆಕ್ಕ ಉಪಯೋಗಕ್ಕೆ ಬರಬಹುದು.

ಅಂಬಾಸಿಡರ್ ಕಲಿಸಿದ ಲೆಕ್ಕ

ಗಾಡಿಯ ಎಂಜಿನ್ನನ್ನೇ ಬದಲಾಯಿಸುವುದು ನಮ್ಮ ಕಡೆ ಹೊಸದೇನಲ್ಲ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಟ್ಯಾಕ್ಸಿ ಓಡಿಸಿದವರನ್ನು ಕೇಳಿ ನೋಡಿ. ಅಂಬಾಸಿಡರ್‌ನ ಪೆಟ್ರೋಲ್ ಎಂಜಿನ್ 1489 ಸಿಸಿ, ಸುಮಾರು 50 ಹಾರ್ಸ್ ಪವರ್. ಆಗ ಪೆಟ್ರೋಲಿಗೂ ಡೀಸೆಲ್‌ಗೂ ಬೆಲೆಯಲ್ಲಿ ಭಾರಿ ಅಂತರ. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸುವುದು ಗ್ಯಾರೇಜುಗಳಿಗೆ ದೊಡ್ಡ ಕೆಲಸವಾಗಿತ್ತು. ಕಂಪನಿಯದೇ ಆದ 1489 ಸಿಸಿ ಡೀಸೆಲ್ ಎಂಜಿನ್ ಕೊಡುತ್ತಿದ್ದುದು ಸುಮಾರು 37 ಹಾರ್ಸ್ ಪವರ್ ಮಾತ್ರ. ಅಂದರೆ ನಮ್ಮ ಹಿರಿಯರು ಕೈಯಿಂದ ದುಡ್ಡು ಕೊಟ್ಟು ಗಾಡಿಯ ಶಕ್ತಿಯನ್ನು ಕಡಿಮೆ ಮಾಡಿಸಿಕೊಂಡರು! ಏಕೆಂದರೆ ಅವರು ಲೆಕ್ಕ ಇಟ್ಟದ್ದು ಕಿಲೋಮೀಟರಿಗೆ ಎಷ್ಟು ಪೈಸೆ ಅನ್ನುವುದರ ಮೇಲೆ. ದಿನಕ್ಕೆ ಇನ್ನೂರು ಕಿ.ಮೀ. ಓಡುವ ಟ್ಯಾಕ್ಸಿಗೆ ಎಂಜಿನ್ ಬದಲಿಸಿದ ಖರ್ಚು ಬೇಗ ವಾಪಸಾಗುತ್ತಿತ್ತು.

ಇನ್ನು ಕೆಲವರು ಮೆಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ತಂದು ಅಂಬಾಸಿಡರ್‌ಗೆ ಹಾಕಿಸಿದರು. ಎಳೆತ ಜೋರಾಯಿತು, ಜೊತೆಗೆ ಮೂಗಿನ ಮೇಲೆ ಭಾರವೂ ಬಿತ್ತು. ಅಂಬಾಸಿಡರ್‌ನ ಮುಂಭಾಗ ನಿಂತಿರುವುದು ಟಾರ್ಷನ್ ಬಾರ್ ಮೇಲೆ. ಕಂಪನಿಯ ಎಂಜಿನ್ನಿನ ತೂಕ ನೋಡಿ ಮಾಡಿದ ಕಂಬಿ ಅದು. ಭಾರದ ಎಂಜಿನ್ ಬಂದರೆ ಗಾಡಿಯ ಮುಂಭಾಗ ಕುಸಿಯುತ್ತದೆ, ಸ್ಟೇರಿಂಗ್ ಗಟ್ಟಿಯಾಗುತ್ತದೆ, ಬ್ರೇಕ್ ಸಾಲುವುದಿಲ್ಲ, ರೇಡಿಯೇಟರ್ ಕುದಿಯುತ್ತದೆ. ಒಂದನ್ನು ಬದಲಿಸಿದವರು ಐದನ್ನು ಬದಲಿಸಬೇಕಾಯಿತು. ಬದಲಿಸದೆ ಬಿಟ್ಟವರು ವರ್ಷವಿಡೀ ಗ್ಯಾರೇಜಿನ ಬೆಂಚಿನ ಮೇಲೆ ಕೂತರು.

ಅಂಬಾಸಿಡರ್ ತಯಾರಿ 2014ರ ಮೇ ತಿಂಗಳಲ್ಲಿ ಉತ್ತರಪಾಡಾದಲ್ಲಿ ನಿಂತಿತು. ಅದೇ ವರ್ಷ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತವೂ ಹೋಯಿತು. ಆ ಹಳೆಯ ಲಾಭದ ಕಾಲ ಅಲ್ಲಿಗೆ ಮುಗಿಯಿತು. ಆದರೆ ಅದು ಹೇಳಿಕೊಟ್ಟ ಎರಡು ಪ್ರಶ್ನೆಗಳು ಈಗಲೂ ಸವೆದಿಲ್ಲ: ಇದರಿಂದ ಕಿಲೋಮೀಟರಿನ ಖರ್ಚು ಇಳಿಯುತ್ತದೆಯೇ? ಇಲ್ಲವಾದರೆ, ಈಗ ಆಗದ ಯಾವುದಾದರೂ ಕೆಲಸ ಇದರಿಂದ ಆಗುತ್ತದೆಯೇ?

ಕೂಡಿಸಿದ ಬಲ ಎಲ್ಲಿಗೆ ಹೋಗುತ್ತದೆ

ಸ್ವಿಫ್ಟ್‌ನ 1248 ಸಿಸಿ ಡೀಸೆಲ್ ಎಂಜಿನ್ ಮೂಲತಃ ಫಿಯೆಟ್‌ನದು. ಮಾರುತಿ 2020ರಲ್ಲಿ ಡೀಸೆಲ್ ನಿಲ್ಲಿಸುವವರೆಗೂ ಸ್ವಿಫ್ಟ್, ಡಿಸೈರ್ ಎರಡಕ್ಕೂ ಇದೇ ಹೃದಯ. ಸುಮಾರು 75 ಹಾರ್ಸ್ ಪವರ್. ಟಾರ್ಕ್, ಅಂದರೆ ತಿರುಗಿಸುವ ಬಲ, 2000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್. ಅದಕ್ಕಿಂತ ಕೆಳಗೆ ಟರ್ಬೊ ಇನ್ನೂ ನಿದ್ದೆಯಲ್ಲಿರುತ್ತದೆ. ಹಂಪ್ಸ್ ಇಳಿದು ಮೂರನೇ ಗೇರಿನಲ್ಲೇ ಎಳೆಯಲು ಹೋದರೆ ಗಾಡಿ ತಿಣುಕುತ್ತದೆ. ಹುಡುಗ "ಪಿಕಪ್ ಸಾಲ್ತಿಲ್ಲ" ಅಂದದ್ದರಲ್ಲಿ ಅರ್ಧ ಭಾಗ ಇದು. ಎರಡನೇ ಗೇರಿಗೆ ಇಳಿಸಿದರೆ ಪುಕ್ಕಟೆ ಸರಿಹೋಗುತ್ತದೆ.

ರಿಮ್ಯಾಪ್ ಅಂದರೆ ಈಸಿಯು ಎಂಬ ಎಂಜಿನ್ನಿನ ಕಂಪ್ಯೂಟರಿನೊಳಗಿನ ಲೆಕ್ಕಪಟ್ಟಿಯನ್ನು ತಿದ್ದುವುದು: ಎಷ್ಟು ಡೀಸೆಲ್ ಬಿಡಬೇಕು, ಯಾವ ಗಳಿಗೆಯಲ್ಲಿ ಬಿಡಬೇಕು, ಟರ್ಬೊ ಎಷ್ಟು ಗಾಳಿ ಒತ್ತಬೇಕು ಎಂಬ ಪಟ್ಟಿ. ಟರ್ಬೊ ಇರುವ ಡೀಸೆಲ್ ಗಾಡಿಯಲ್ಲಿ ಇದರಿಂದ ಶಕ್ತಿ ಶೇ 20–30ರಷ್ಟು ಏರುವುದು ನಿಜ. ಟರ್ಬೊ ಇಲ್ಲದ ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಏರುವುದು ಶೇ 5–8. ಅದನ್ನು ಗುರುತಿಸಲು ಸ್ಟಾಪ್ ವಾಚ್ ಬೇಕು. ವ್ಯಾಗನ್ ಆರ್, ಆಲ್ಟೊ, ಐ10 ಇಟ್ಟುಕೊಂಡವರು ರಿಮ್ಯಾಪ್ ಮಾತನ್ನು ಇಲ್ಲಿಗೇ ಬಿಡಬಹುದು.

ಡೀಸೆಲ್ ಸ್ವಿಫ್ಟ್‌ಗೆ ಬರೋಣ. 190 ಇದ್ದದ್ದು 240 ಆಯಿತು ಅಂತಿಟ್ಟುಕೊಳ್ಳಿ. ಹೆಚ್ಚಾದ ಆ 50 ನ್ಯೂಟನ್ ಮೀಟರ್ ಮೊದಲು ಬಂದು ಬೀಳುವುದು ಕ್ಲಚ್ ಪ್ಲೇಟಿನ ಮೇಲೆ. ಕಂಪನಿ ಕ್ಲಚ್‌ಗೆ ಸ್ವಲ್ಪ ಹೆಚ್ಚಿನ ತಾಳಿಕೆ ಇಟ್ಟಿರುತ್ತದೆ ನಿಜ. ಆದರೆ ಆ ತಾಳಿಕೆ ಹೊಸ ಕ್ಲಚ್‌ಗೆ. 1 ಲಕ್ಷ 40 ಸಾವಿರ ಓಡಿದ ಕ್ಲಚ್‌ಗಲ್ಲ. ಅಲ್ಲಿಂದ ಬಲ ಗೇರ್ ಬಾಕ್ಸ್‌ಗೆ ಹೋಗುತ್ತದೆ. ಮೊದಲನೇ ಗೇರಿನಲ್ಲಿ ಗೇರೂ ಡಿಫರೆನ್ಷಿಯಲ್ಲೂ ಸೇರಿ ಎಂಜಿನ್ನಿನ ಬಲವನ್ನು ಹತ್ತರಿಂದ ಹದಿನೈದು ಪಟ್ಟು ಮಾಡಿ ಡ್ರೈವ್ ಶಾಫ್ಟ್‌ಗೆ ಕೊಡುತ್ತವೆ. ಎಂಜಿನ್ ಬಳಿ 50 ಇದ್ದದ್ದು ಶಾಫ್ಟ್ ಹತ್ತಿರ 500, 700 ಆಗಿರುತ್ತದೆ. ಶಾಫ್ಟಿನ ತುದಿಯ ಜಾಯಿಂಟು, ಎಂಜಿನ್ ಮೌಂಟಿಂಗು, ಕೊನೆಗೆ ಟೈರು. ಎಲ್ಲವೂ ತಮ್ಮ ಪಾಲನ್ನು ಕೇಳುತ್ತವೆ. ಟೈರು ಸವೆದಿದ್ದರೆ ಇಷ್ಟೆಲ್ಲ ಬಲ ಜಲ್ಲಿಯ ಮೇಲೆ ಚಕ್ರ ಸುಮ್ಮನೆ ತಿರುಗುವುದಕ್ಕೆ ಖರ್ಚಾಗುತ್ತದೆ.

ಈ ಸರಪಳಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿರಿಯೂರಿನ ಗ್ಯಾರೇಜೊಂದರಲ್ಲಿ, ಟ್ಯೂನಿಂಗ್ ಬಾಕ್ಸ್ ಹಾಕಿಸಿದ್ದ ಗಾಡಿಯ ಗೇರ್ ಬಾಕ್ಸ್ ಇಳಿಸಿ ಮೇಸ್ತ್ರಿ ಕ್ಲಚ್ ಪ್ಲೇಟನ್ನು ನನ್ನ ಕೈಗೆ ಕೊಟ್ಟರು. ಸುಟ್ಟ ರಬ್ಬರಿನಂಥ ವಾಸನೆ ಇನ್ನೂ ಹೋಗಿರಲಿಲ್ಲ. ಪ್ಲೇಟಿನ ಮೇಲಿನ ಗೀರುಗಳೆಲ್ಲ ಮುಚ್ಚಿ ಗಾಜಿನಂತೆ ನುಣುಪಾಗಿತ್ತು, ರಿವೆಟ್ ತಲೆಗಳು ಹೊರಗೆ ಇಣುಕುತ್ತಿದ್ದವು. ಎದುರಿನ ಪ್ರೆಶರ್ ಪ್ಲೇಟಿನ ಮೇಲೆ ನವಿಲುಗರಿಯ ಬಣ್ಣದ ಕಲೆಗಳು. ಉಕ್ಕು ಕಾದು ಕಾದು ಬಣ್ಣ ತಿರುಗಿದ್ದು. "ಎಂಜಿನ್ ಏನೂ ಆಗಿಲ್ಲ ಸಾರ್, ಕಲ್ಲಿದ್ದಂಗೈತೆ. ಆದ್ರೆ ಅದು ಕೊಟ್ಟಿದ್ದನ್ನ ಹಿಡ್ಕೊಳ್ಳೋ ಕೈ ಇರ್ಲಿಲ್ಲ" ಅಂದರು ಅವರು.

ಟ್ಯೂನಿಂಗ್ ಬಾಕ್ಸ್ ಬಗ್ಗೆ ಒಂದು ಮಾತು. ಇದು ಕಂಪ್ಯೂಟರನ್ನು ತಿದ್ದುವುದಿಲ್ಲ, ಅದಕ್ಕೆ ಸುಳ್ಳು ಹೇಳುತ್ತದೆ. ಡೀಸೆಲ್ ಒತ್ತಡ ಕಡಿಮೆ ಇದೆ ಎಂದು ಸೆನ್ಸರ್ ಹೆಸರಿನಲ್ಲಿ ತೋರಿಸಿ ಹೆಚ್ಚು ಡೀಸೆಲ್ ಬಿಡಿಸುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಹಿಂದೆ ಕಪ್ಪು ಹೊಗೆ ಏಳುವುದನ್ನು ಕೆಲವರು ಶಕ್ತಿಯ ಗುರುತು ಅಂದುಕೊಳ್ಳುತ್ತಾರೆ. ಅದು ಅರೆಬೆಂದ ಡೀಸೆಲ್, ಬಂಕಿನಲ್ಲಿ ಕೊಟ್ಟ ನಿಮ್ಮ ದುಡ್ಡು. ಅದರ ಜೊತೆಗೇ ಹೊಗೆಯ ಬಿಸಿಯೂ ಏರುತ್ತದೆ, ಟರ್ಬೊದ ಆಯಸ್ಸು ಇಳಿಯುತ್ತದೆ.

ರಿಮ್ಯಾಪ್ ಮಾಡಿಸಿದರೆ ಮೈಲೇಜ್ ಹೆಚ್ಚುತ್ತದೆ ಎಂದೂ ಹೇಳುತ್ತಾರೆ. ಹೆಚ್ಚಿತು ಅಂತಲೇ ಇಟ್ಟುಕೊಳ್ಳೋಣ: 18 ಕೊಡುತ್ತಿದ್ದದ್ದು 19 ಆಯಿತು. ಡೀಸೆಲ್ ಲೀಟರಿಗೆ 90 ರೂಪಾಯಿ ಹಿಡಿದರೆ ಕಿ.ಮೀ.ಗೆ 5 ರೂ. ಇದ್ದದ್ದು 4.74ಕ್ಕೆ ಇಳಿಯಿತು, ಉಳಿತಾಯ 26 ಪೈಸೆ. 25,000 ರೂಪಾಯಿ ಹುಟ್ಟಬೇಕಾದರೆ 95,000 ಕಿ.ಮೀ. ಓಡಬೇಕು. ತಿಂಗಳಿಗೆ ಸಾವಿರ ಓಡಿಸುವವನಿಗೆ ಸುಮಾರು ಎಂಟು ವರ್ಷ. ಹೊಸ ಬಲವನ್ನು ಕಾಲಿನಲ್ಲಿ ಒಮ್ಮೆಯೂ ಬಳಸದೆ ಹೋದರೆ ಮಾತ್ರ ಈ ಲೆಕ್ಕವೂ ನಿಲ್ಲುತ್ತದೆ.

ವೇಗದ ಲೆಕ್ಕವೂ ಹೀಗೇ. ಹಿರಿಯೂರಿನಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 160 ಕಿ.ಮೀ. ಕಾರಿಗೆ ಕಾನೂನು ಬಿಟ್ಟಿರುವ ಗರಿಷ್ಠ ವೇಗ ಗಂಟೆಗೆ 100. ಈ 75 ಹಾರ್ಸ್ ಪವರಿನ ಗಾಡಿ ಐದನೇ ಗೇರಿನಲ್ಲಿ ನೂರನ್ನು ನಿರಾಯಾಸವಾಗಿ ಹಿಡಿಯುತ್ತದೆ. ಧರ್ಮಪುರದಿಂದ ಹಿರಿಯೂರಿಗೆ ಹೋಗುವ ನಮ್ಮೂರ ರಸ್ತೆಯಲ್ಲಿ ವೇಗವನ್ನು ತೀರ್ಮಾನ ಮಾಡುವುದು ಎಂಜಿನ್ ಅಲ್ಲವೇ ಅಲ್ಲ; ಹಂಪ್ಸು, ಕುರಿಮಂದೆ, ಶಾಲೆ ಬಿಟ್ಟ ಮಕ್ಕಳು, ಟ್ರ್ಯಾಕ್ಟರು.

ಬಿಸಿಲು, ಧೂಳು, ಹುರುಳಿ

ಟ್ಯೂನಿಂಗ್‌ನ ವಿಡಿಯೊಗಳನ್ನು ತೆಗೆಯುವುದು ಕೊಡಗಿನ ಮಂಜಿನಲ್ಲೋ ವಿದೇಶದ ತಂಪಿನಲ್ಲೋ. ನಮ್ಮದು ಮಳೆ ಕಮ್ಮಿ ಬೀಳುವ ಸೀಮೆ. ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಮ್ಮ ಧರ್ಮಪುರದ ಕೆರೆಗೆ ನೀರು ಬಿಡಿ ಎಂದು ಜನ ಎಷ್ಟು ವರ್ಷ ಕೂಗಿದ್ದಾರೆ ಎಂಬುದು ಊರಿಗೇ ಗೊತ್ತು. ಏಪ್ರಿಲ್ ಬಂದರೆ ಬಿಸಿಲು 38, 40 ಡಿಗ್ರಿ ಮುಟ್ಟುತ್ತದೆ. ಬಿಸಿ ಗಾಳಿ ತೆಳುವಾಗಿರುವುದರಿಂದ ಎಂಜಿನ್‌ಗೆ ಸಿಗುವ ಆಮ್ಲಜನಕವೂ ಕಡಿಮೆ. ಬೆಂಗಳೂರಿನ ಬೆಳಗಿನ ತಂಪಿನಲ್ಲಿ, ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ತೋರಿಸಿದ ಅಂಕಿ ಇಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಸಿಗುವುದಿಲ್ಲ.

ಕೋನ್ ಏರ್ ಫಿಲ್ಟರ್ ಇಲ್ಲಿ ನೇರವಾಗಿ ನಷ್ಟದ ಬಾಬತ್ತು. ಕಂಪನಿಯ ಫಿಲ್ಟರ್ ಡಬ್ಬಿ ಹೊರಗಿನ ತಂಪು ಗಾಳಿಯನ್ನು ಕೊಳವೆಯಲ್ಲಿ ಎಳೆಯುತ್ತದೆ. ಡಬ್ಬಿ ಕಿತ್ತು ಬಯಲು ಕೋನ್ ಹಾಕಿದರೆ ಅದು ಎಳೆಯುವುದು ಬಾನೆಟ್ಟಿನೊಳಗಿನ ಕಾದ ಗಾಳಿಯನ್ನು. ಸದ್ದು ಬದಲಾಗುತ್ತದೆ, ಆ ಸದ್ದಿಗೆ ಮನಸ್ಸು ಮೋಸ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಧೂಳು. ಬೇಸಿಗೆಯಲ್ಲಿ ಅಮರಾಪುರದ ಕಡೆ ಮಣ್ಣುದಾರಿಯಲ್ಲಿ ಒಂದು ವಾರ ಓಡಾಡಿ ಫಿಲ್ಟರ್ ತೆಗೆದು ನೆಲಕ್ಕೆ ತಟ್ಟಿ ನೋಡಿ. ಕೆಂಪು ಹಿಟ್ಟು ಉದುರುತ್ತದೆ. ಎಣ್ಣೆ ಸವರಿದ ಅಗ್ಗದ ಬಟ್ಟೆ ಫಿಲ್ಟರಿನ ಮೂಲಕ ಅದರಲ್ಲಿ ಒಂದು ಚಿಟಿಕೆ ಒಳಗೆ ಹೋದರೂ ಟರ್ಬೊ ರೆಕ್ಕೆಗೂ ಪಿಸ್ಟನ್ ರಿಂಗಿಗೂ ಉಪ್ಪುಕಾಗದ ಉಜ್ಜಿದಂತೆ.

ಹುರುಳಿಯ ವಿಷಯ ಕೇಳಿ. ಸುಗ್ಗಿಯಲ್ಲಿ ನಮ್ಮ ರಸ್ತೆಗಳೇ ಕಣ. ಹುರುಳಿ, ರಾಗಿಯನ್ನು ಡಾಂಬರಿನ ಮೇಲೆ ಹರಡಿ, ಹೋಗಿ ಬರುವ ಗಾಡಿಗಳಿಂದ ಒಕ್ಕಣೆ ಮಾಡಿಸುತ್ತಾರೆ. ಒಣ ಹುರುಳಿ ಬಳ್ಳಿ ಡ್ರೈವ್ ಶಾಫ್ಟ್‌ಗೆ ಹಗ್ಗದಂತೆ ಸುತ್ತಿಕೊಂಡು ಮೇಲೆ ಸೈಲೆನ್ಸರ್ ಪೈಪಿಗೆ ತಾಗುತ್ತದೆ. ಹೀಗೆ ಬೆಂಕಿ ಹತ್ತಿ ಕಾರುಗಳು ಸುಟ್ಟುಹೋದ ಸುದ್ದಿ ನಮ್ಮ ರಾಜ್ಯದಲ್ಲಿ ಸುಗ್ಗಿ ಸುಗ್ಗಿಗೂ ಬರುತ್ತದೆ. ಪೈಪಿನ ಬಿಸಿಯನ್ನು ತಡೆಯಲೆಂದು ಕಂಪನಿ ಅದರ ಸುತ್ತ ತಗಡಿನ ಹೊದಿಕೆ ಕೊಟ್ಟಿರುತ್ತದೆ. ಡೌನ್‌ಪೈಪ್ ಬದಲಿಸುವವರು ದೊಡ್ಡ ಪೈಪು ಕೂರುವುದಿಲ್ಲ ಎಂದು ಮೊದಲು ಕಿತ್ತು ಎಸೆಯುವುದು ಆ ತಗಡನ್ನೇ. ಮೇಲೆ ರಿಮ್ಯಾಪ್‌ನಿಂದ ಹೊಗೆಯ ಬಿಸಿ ಹೆಚ್ಚಾಗಿದೆ. ಸ್ಪ್ರಿಂಗ್ ಕತ್ತರಿಸಿ ಗಾಡಿಯನ್ನೂ ತಗ್ಗಿಸಿದ್ದರೆ ಬಳ್ಳಿ ಸಿಕ್ಕಿಕೊಳ್ಳಲು ಬೇರೇನೂ ಬೇಡ. ನಿಮ್ಮ ಗಾಡಿ ಹೇಗೇ ಇರಲಿ, ಒಕ್ಕಣೆ ಮೇಲೆ ಹಾದು ಬಂದಿದ್ದರೆ ಸ್ವಲ್ಪ ಮುಂದೆ ನಿಲ್ಲಿಸಿ, ಬಗ್ಗಿ ಅಡಿ ನೋಡಿ, ಬಳ್ಳಿ ಇದ್ದರೆ ಎಳೆದು ಬಿಸಾಡಿ.

16 ಇಂಚಿನ ಚಕ್ರದ ಸಾಲಿಗೂ ಬಂದುಬಿಡುತ್ತೇನೆ. ಗಾಡಿಯ ಮೂಲ ಟೈರು 165/80 ಆರ್14. ಅಂದರೆ ಪಕ್ಕದ ಗೋಡೆಯ ಎತ್ತರ 132 ಮಿ.ಮೀ. ಅದರ ಬದಲು 195/55 ಆರ್16 ಹಾಕಿದರೆ ಒಟ್ಟು ಚಕ್ರದ ಅಳತೆ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತದೆ, ಗೋಡೆ ಮಾತ್ರ 107 ಮಿ.ಮೀ.ಗೆ ಇಳಿಯುತ್ತದೆ. ಗುಂಡಿಗೂ ರಿಮ್ಮಿಗೂ ನಡುವೆ ಇದ್ದ ರಬ್ಬರು ಒಂದು ಇಂಚು ಕಡಿಮೆಯಾಯಿತು. ಮಳೆಗಾಲ ಕಳೆದ ಮೇಲಿನ ನಮ್ಮ ರಸ್ತೆಯಲ್ಲಿ ಆ ಒಂದು ಇಂಚಿನ ಬೆಲೆ ಒಂದು ಬಗ್ಗಿದ ಅಲಾಯ್.

ಆರ್‌ಸಿ ಏನು ಹೇಳುತ್ತದೆ

ಇದು ಹಲವರು ಕೊನೆಗೆ ಯೋಚಿಸುವ ವಿಷಯ, ಮೊದಲು ಯೋಚಿಸಬೇಕಾದದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೊದಲು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನೇ ಸ್ಪಷ್ಟವಾಗಿ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಬದಲಾವಣೆಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಹೊಗೆ, ಸದ್ದಿನ ಮಿತಿ ಮೀರಿದ್ದಕ್ಕೆ ಬೇರೆ ಸೆಕ್ಷನ್ ಇದೆ. ಬಿಎಸ್6 ಡೀಸೆಲ್ ಗಾಡಿಯ ಹೊಗೆ ಶೋಧಕವನ್ನು ಕಿತ್ತು ಹಾಕುವುದಂತೂ ಯಾವ ರೀತಿಯಿಂದಲೂ ಒಪ್ಪುವಂಥದ್ದಲ್ಲ. ಆ ಮಸಿ ಹಿಂದೆ ಬೈಕಿನಲ್ಲಿ ಬರುವವರ ಎದೆಗೆ ಹೋಗುತ್ತದೆ.

ಎಂಜಿನ್ ಬದಲಿಸಬೇಕಾಗಿ ಬಂದರೆ, ಅದೇ ಕಂಪನಿಯ ಅದೇ ಮಾದರಿಯದೇ ಆದರೂ, ಆರ್‌ಟಿಒ ಅನುಮತಿ ತೆಗೆದುಕೊಂಡು ಹೊಸ ಎಂಜಿನ್ ನಂಬರನ್ನು ಆರ್‌ಸಿಗೆ ಹತ್ತಿಸಬೇಕು. ಹತ್ತಿಸದವರು ಸಿಕ್ಕಿಬೀಳುವುದು ಹದಿನೈದು ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಚಿತ್ರದುರ್ಗಕ್ಕೆ ಹೋದ ದಿನ. ಇನ್ಸ್‌ಪೆಕ್ಟರ್ ಬಾನೆಟ್ ಎತ್ತಿಸಿ ನಂಬರ್ ಓದುತ್ತಾರೆ, ಪುಸ್ತಕದಲ್ಲಿ ಬೇರೆ ಇರುತ್ತದೆ. ಎಂಜಿನ್ ಕೊಂಡ ಬಿಲ್ ಇಲ್ಲದಿದ್ದರೆ ಅದು ಕದ್ದ ಮಾಲಲ್ಲ ಎಂದು ತೋರಿಸುವುದೂ ನಿಮ್ಮ ತಲೆಗೇ.

ಇನ್ಶೂರೆನ್ಸ್ ಇನ್ನೂ ಸೂಕ್ಷ್ಮ. ತಿಳಿಸದೆ ಮಾಡಿದ ಬದಲಾವಣೆ ಸರ್ವೇಯರ್ ಕಣ್ಣಿಗೆ ಬಿದ್ದರೆ ನಿಮ್ಮ ಗಾಡಿಯ ರಿಪೇರಿ ಹಣಕ್ಕೆ ಕತ್ತರಿ ಬೀಳಬಹುದು. ಯಾವುದೇ ಕೆಲಸ ಮಾಡಿಸುವ ಮುಂಚೆ ಪಾಲಿಸಿ ಕೊಟ್ಟವರಿಗೆ ಬರಹದಲ್ಲಿ ತಿಳಿಸಿ, ಬರಹದಲ್ಲೇ ಉತ್ತರ ಪಡೆಯಿರಿ. ಫೋನಿನಲ್ಲಿ "ಏನೂ ಆಗಲ್ಲ ಸಾರ್" ಅಂದದ್ದು ಕ್ಲೇಮಿನ ದಿನ ಲೆಕ್ಕಕ್ಕೆ ಬರುವುದಿಲ್ಲ.

ಯಾವುದು ಗಿಟ್ಟುತ್ತದೆ

ಅಂಬಾಸಿಡರ್ ಕಾಲದ ಡೀಸೆಲ್ ಜಾಗದಲ್ಲಿ ಈಗ ನಿಂತಿರುವುದು ಸಿಎನ್‌ಜಿ. ಪೆಟ್ರೋಲ್ ಕಾರಿಗೆ ಮಾತ್ರ. 3.5 ಟನ್‌ವರೆಗಿನ ಬಿಎಸ್6 ಗಾಡಿಗಳಿಗೂ ಕಿಟ್ ಹಾಕಿಸಲು 2022ರಲ್ಲಿ ಕೇಂದ್ರ ಅವಕಾಶ ಕೊಟ್ಟಿದೆ. ಲೆಕ್ಕ ಹೀಗೆ: ಪೆಟ್ರೋಲ್ 100 ರೂಪಾಯಿ, ಮೈಲೇಜ್ 16 ಅಂದರೆ ಕಿ.ಮೀ.ಗೆ 6.25. ಸಿಎನ್‌ಜಿ ಕೆ.ಜಿ.ಗೆ 88, ಒಂದು ಕೆ.ಜಿ.ಗೆ 22 ಕಿ.ಮೀ. ಅಂದರೆ 4 ರೂಪಾಯಿ. ಉಳಿಯುವುದು 2.25. ಕಿಟ್‌ಗೆ 60,000 ಬಿದ್ದರೆ 26,700 ಕಿ.ಮೀ.ಗೆ ದುಡ್ಡು ವಾಪಸ್. ತಿಂಗಳಿಗೆ 3,000 ಓಡಿಸುವ ಬಾಡಿಗೆ ಗಾಡಿಯವರಿಗೆ ಒಂಬತ್ತು ತಿಂಗಳು. ಸಾವಿರ ಓಡಿಸುವ ಮೇಷ್ಟ್ರಿಗೆ ಎರಡು ವರ್ಷದ ಮೇಲೆ. ನಿಮ್ಮ ಬಂಕಿನ ಬೆಲೆ, ನಿಮ್ಮ ಮೈಲೇಜ್ ಹಾಕಿ ನೀವೇ ಲೆಕ್ಕ ಮಾಡಿ.

ಲೆಕ್ಕದ ಹೊರಗೂ ಕೆಲವು ಮಾತಿವೆ. ಧರ್ಮಪುರದವರು ಗ್ಯಾಸ್ ತುಂಬಿಸಲೆಂದೇ ಹೆದ್ದಾರಿಗೆ ಹೋಗಿ ಬರಬೇಕಾದರೆ ಉಳಿತಾಯ ಆ ದಾರಿಯಲ್ಲೇ ಕರಗುತ್ತದೆ; ಹೇಗೂ ವಾರಕ್ಕೆ ಮೂರು ಸಲ ಹಿರಿಯೂರಿಗೋ ಚಿತ್ರದುರ್ಗಕ್ಕೋ ಹೋಗುವವರಿಗೆ ಸರಿ. ಡಿಕ್ಕಿ ತುಂಬ ಸಿಲಿಂಡರ್ ಕೂರುತ್ತದೆ, ಶೇಂಗಾ ಮೂಟೆಗೆ ಜಾಗವಿಲ್ಲ. ಎಳೆತ ಸುಮಾರು ಹತ್ತನೇ ಒಂದು ಭಾಗ ಕುಗ್ಗುತ್ತದೆ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಕಡ್ಡಾಯ. ಮಾನ್ಯತೆ ಇರುವ ಕಿಟ್ ಆಗಿರಬೇಕು, ಮಾನ್ಯತೆ ಇರುವವರೇ ಹಾಕಬೇಕು, ಆರ್‌ಸಿಯಲ್ಲಿ ಇಂಧನದ ಸಾಲು ಬದಲಾಗಬೇಕು. ಮನೆಯ ಅಡುಗೆ ಸಿಲಿಂಡರಿನಿಂದ ಓಮ್ನಿಗೆ ಗ್ಯಾಸ್ ತುಂಬುತ್ತಿದ್ದ ಕಾಲವನ್ನು ನಾವು ನೋಡಿದ್ದೇವೆ, ಸುಟ್ಟ ಓಮ್ನಿಗಳನ್ನೂ ನೋಡಿದ್ದೇವೆ.

ಜೀಪು, ಬೊಲೆರೊ ಇಟ್ಟುಕೊಂಡ ತೋಟದವರ ಪ್ರಶ್ನೆ ಬೇರೆ: ಎರಡು ಚಕ್ರದ ಎಳೆತವನ್ನು ನಾಲ್ಕಕ್ಕೆ ಮಾಡಿಸಬಹುದೇ? ಮಳೆಗಾಲದಲ್ಲಿ ಎರೆ ಮಣ್ಣಿನ ಹೊಲದ ದಾರಿ ಹೇಗೆ ಗಾಡಿಯನ್ನು ನುಂಗುತ್ತದೆ ಎಂದು ಬಲ್ಲವರು ಕೇಳುವ ನ್ಯಾಯವಾದ ಪ್ರಶ್ನೆ. ಆದರೆ ಇದಕ್ಕೆ ಬೇಕಾದದ್ದು ಬರೀ ಒಂದು ಡಬ್ಬಿಯಲ್ಲ. ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸು, ಮುಂದಕ್ಕೊಂದು ಜಾಯಿಂಟ್ ಶಾಫ್ಟು, ಮುಂದೆ ಇನ್ನೊಂದು ಹೌಸಿಂಗು. ಅದರ ಕ್ರೌನ್ ಪಿನಿಯನ್ ಹಲ್ಲಿನ ಲೆಕ್ಕ ಹಿಂದಿನದಕ್ಕೆ ಸರಿಯಾಗಿ ಹೊಂದಬೇಕು, ಹಿಂದೆ 5.38, ಮುಂದೆ 4.88 ಇದ್ದರೆ ಎರಡು ಎತ್ತು ಎರಡು ನಡಿಗೆ ನಡೆದಂತೆ, ಗಟ್ಟಿ ನೆಲದಲ್ಲಿ ಯಾವುದೋ ಒಂದು ಮುರಿಯಲೇಬೇಕು. ಪಂಜಾಬ್–ಹರಿಯಾಣ ಗಡಿಯ ಮಂಡಿ ಡಬ್ವಾಲಿಯಿಂದ ಬಿಡಿಭಾಗ ಜೋಡಿಸಿದ ಜೀಪುಗಳು ನಮ್ಮ ರಾಜ್ಯಕ್ಕೂ ಬಂದಿವೆ, ನೋಡಲು ಚೆಂದ. ಕಾಗದ ಕೇಳಿದಾಗ ಕಷ್ಟ ಶುರು. ಆರ್‌ಸಿಯಲ್ಲೇ ನಾಲ್ಕು ಚಕ್ರದ ಎಳೆತ ಎಂದಿರುವ ಹಳೆಯ ಬೊಲೆರೊವನ್ನೋ ಥಾರ್ ಅನ್ನೋ ಹುಡುಕಿ, ಇರುವುದನ್ನು ಮಾರಿ ತೆಗೆದುಕೊಳ್ಳುವುದು ಎಲ್ಲ ರೀತಿಯಿಂದಲೂ ಅಗ್ಗ.

ದೊಡ್ಡ ಟೈರು ಹಾಕುವವರಿಗೆ ಒಂದು ಎಚ್ಚರಿಕೆ. ಬೊಲೆರೊದ 215/75 ಆರ್15 ತೆಗೆದು 235/75 ಹಾಕಿದರೆ ಚಕ್ರದ ಸುತ್ತಳತೆ ಶೇ 4ರಷ್ಟು ಹಿಗ್ಗುತ್ತದೆ. ಮೀಟರ್ 100 ತೋರಿಸುವಾಗ ನೀವು 104ರಲ್ಲಿರುತ್ತೀರಿ. ಎಲ್ಲ ಗೇರುಗಳೂ ಅಷ್ಟಷ್ಟು ಎತ್ತರವಾದಂತೆ ಆಗಿ, ಏರಿನಲ್ಲಿ ಎಳೆತ ಕುಗ್ಗುತ್ತದೆ. ಪಿಕಪ್ ಕಮ್ಮಿಯಾಯಿತೆಂದು ಎಂಜಿನ್ ಬಿಚ್ಚಿಸಿದವರನ್ನು ನಾನು ಬಲ್ಲೆ.

ಇಷ್ಟಾದರೂ ವೇಗದ ಹುಚ್ಚು ಬಿಡದವರಿಗೆ ಮರ್ಯಾದೆಯ ದಾರಿ ಒಂದಿದೆ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಕೆ–1000 ರ್‍ಯಾಲಿ ಪಕ್ಕದ ತುಮಕೂರು ಜಿಲ್ಲೆಯ ಮಣ್ಣಿನಲ್ಲಿ ಓಡಿದೆ. ಮೋಟಾರ್ ಸ್ಪೋರ್ಟ್ಸ್ ರಾಷ್ಟ್ರೀಯ ಒಕ್ಕೂಟದ ಲೈಸೆನ್ಸ್ ಮಾಡಿಸಿ, ಒಳಗೆ ಉಕ್ಕಿನ ಪಂಜರ ಕಟ್ಟಿಸಿ, ಮುಚ್ಚಿದ ದಾರಿಯಲ್ಲಿ ಓಡಿಸುವವರಿಗೆ ಕ್ಲಚ್ಚು, ಗೇರು, ಸಸ್ಪೆನ್ಷನ್ ಮೇಲೆ ಸುರಿದ ದುಡ್ಡು ಪೂರ್ತಿ ಸಾರ್ಥಕ. ಅಲ್ಲಿ ಎದುರಿಗೆ ಹಾಲಿನ ಕ್ಯಾನಿನ ಸೈಕಲ್ ಬರುವುದಿಲ್ಲ.

ಹಾಳೆಯ ಹಿಂಬದಿ

ಹುಡುಗನನ್ನೂ ಗಾಡಿಯನ್ನೂ ಕರೆದುಕೊಂಡು ಅದೇ ಮೇಸ್ತ್ರಿ ಹತ್ತಿರ ಹೋದೆ. ಹೊಸ ಶಕ್ತಿ ಕೊಳ್ಳುವ ಮೊದಲು ಇರಬೇಕಾದ ಶಕ್ತಿ ಇದೆಯೇ ನೋಡೋಣ ಎಂದು ಕೇಳಿಕೊಂಡೆ. ಏರ್ ಫಿಲ್ಟರ್ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸಿನ ಅಡಿಭಾಗದಲ್ಲಿ ಕಿರುಬೆರಳಿನ ಉಗುರಿನಷ್ಟು ಸೀಳು, ಅದರ ಸುತ್ತ ಎಣ್ಣೆಯ ಪಸೆ. ಟರ್ಬೊ ಒತ್ತಿದ ಗಾಳಿ ಅರ್ಧ ಅಲ್ಲೇ ಹೊರಗೆ ಹೋಗುತ್ತಿತ್ತು. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ಬಿಚ್ಚಿದರೆ ಒಲೆಯ ಕೊಳವೆಯಂತೆ ಮಸಿ. ನಾಲ್ಕು ಇಂಜೆಕ್ಟರುಗಳಿಗೂ ಲೀಕ್ ಆಫ್ ಪರೀಕ್ಷೆಗೆ ಸಣ್ಣ ಬಾಟಲಿ ಕಟ್ಟಿ ಎಂಜಿನ್ ಓಡಿಸಿದರು. ಮೂರು ಬಾಟಲಿಗಳಲ್ಲಿ ಒಂದೇ ಮಟ್ಟ, ಉಳಿದ ಒಂದರಲ್ಲಿ ಮಾತ್ರ ಎರಡು ಪಟ್ಟು ಡೀಸೆಲ್. 75 ಇರಬೇಕಾದ ಹಾರ್ಸ್ ಪವರ್ ಎಷ್ಟೋ ದಿನದಿಂದ 75 ಇರಲೇ ಇಲ್ಲ. ಇದೇ ಸ್ಥಿತಿಯಲ್ಲಿ ಬೆಂಗಳೂರಿಗೆ ಹೋಗಿ ರಿಮ್ಯಾಪ್ ಮಾಡಿಸಿದ್ದರೆ, ಸೋರುವ ಹಂಡೆಗೆ ದೊಡ್ಡ ನಲ್ಲಿ ಹಾಕಿದ ಹಾಗೆ ಆಗುತ್ತಿತ್ತು.

ಅವನ ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ಹೊಸ ಪಟ್ಟಿ ಬರೆದೆವು. ಈ ಸಲ ನೆಲದಿಂದ ಮೇಲಕ್ಕೆ. ಒಳ್ಳೆಯ ನಾಲ್ಕು ಟೈರು, ಕಂಪನಿ ಅಳತೆಯದೇ. ಮುಂದಿನ ಬ್ರೇಕ್ ಡಿಸ್ಕು, ಪ್ಯಾಡು, ಹೊಸ ಬ್ರೇಕ್ ಆಯಿಲ್. ಗಾಡಿ 80ರ ಬದಲು 100ರಲ್ಲಿದ್ದರೆ ಬ್ರೇಕು ಇಂಗಿಸಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚು, ಇದು ಅವನಿಗೆ ಹೊಸ ವಿಷಯವಾಗಿತ್ತು. ಆಮೇಲೆ ಶಾಕ್ ಅಬ್ಸಾರ್ಬರ್, ಲೋಯರ್ ಆರ್ಮ್ ಬುಷ್. ಹೆಡ್‌ಲೈಟಿನ ಮಸುಕು ಗಾಜು ಉಜ್ಜಿಸುವುದು. ಆಮೇಲೆ ಕ್ಲಚ್ ಸೆಟ್. ಕೊನೆಗೆ ಎಂಜಿನ್: ಹೋಸು, ಫಿಲ್ಟರು, ಇಜಿಆರ್ ಸ್ವಚ್ಛ, ಒಂದು ಇಂಜೆಕ್ಟರ್ ರಿಪೇರಿ. ಎಲ್ಲ ಸೇರಿ ಹಾಳೆಯ ಮುಂಬದಿಯ ಮೊತ್ತಕ್ಕಿಂತ ಕಡಿಮೆಯೇ ಆಯಿತು. ಒಂದಕ್ಕೂ ಆರ್‌ಟಿಒ ಅನುಮತಿ ಬೇಕಾಗಿರಲಿಲ್ಲ.

ಸಂಜೆ ಏಳರ ಹೊತ್ತಿಗೆ ಹಿರಿಯೂರು ಬಿಟ್ಟೆವು. ಅವನೇ ಓಡಿಸುತ್ತಿದ್ದ. 1800 ಆರ್‌ಪಿಎಂ ದಾಟುತ್ತಿದ್ದ ಹಾಗೆ ಟರ್ಬೊ ಸೀಟಿ ಊದಿ ಗಾಡಿ ಮುಂದಕ್ಕೆ ಜಿಗಿಯಿತು. ಹುಡುಗ ನನ್ನ ಕಡೆ ತಿರುಗಿ ನಕ್ಕ, "ಇಷ್ಟೊಂದ್ ಇತ್ತಾ ಚಿಕ್ಕಪ್ಪ ಇದ್ರಲ್ಲಿ?" ಅಂದ. ನಮ್ಮೂರು ಇನ್ನೂ ದೂರವಿತ್ತು. ತಿರುವು ಮುಗಿಯುವ ಜಾಗದಲ್ಲಿ ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದು ಮರೆಯಾಗುತ್ತಿದ್ದಂತೆ, ನಮ್ಮ ಮುಂದೆ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರು, ಮೇಲೆ ಮೇವಿನ ಹೊರೆ. ಅವನು ಕಾಲು ಪೂರ್ತಿ ಊರಿದ. ಪೆಡಲ್ ಪಾದದಡಿ ಗಡಗಡ ನಡುಗಿತು, ಗಾಡಿ ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ ನೆಟ್ಟಗೆ ನಿಂತಿತು. ಟ್ರೈಲರಿನ ಹಲಗೆಗೂ ನಮ್ಮ ಬಾನೆಟ್ಟಿಗೂ ನಡುವೆ ಒಂದು ಎತ್ತು ನಿಲ್ಲುವಷ್ಟು ಜಾಗ ಉಳಿದಿತ್ತು. ಹೊರೆಯ ಮೇಲೆ ಕೂತಿದ್ದ ಹೆಂಗಸು ಸೆರಗು ಸರಿಮಾಡಿಕೊಂಡು, ಮುಂದೆ ಹೋಗಿ ಎಂದು ಕೈ ಬೀಸಿದಳು.